ಓದಿ ಹೇಳಿದ ಮೇಲೆ ಹೆಬ್ಬೆಟ್ಟು

ಎಲ್ಲಮ್ಮನ ಗುಡ್ಡದ ಮಗ್ಗುಲಲ್ಲಿರುವ ಉಗರಗೋಳಕ್ಕೆ ಹತ್ತು ಭಾಷೆಯ ಮಂದಿಯ ಜೊತೆ ವ್ಯವಹಾರ ಮಾಡುವುದು ಹೊಸದಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡ ಹತ್ತುವವರಲ್ಲಿ ಕನ್ನಡದವರಷ್ಟೇ ಅಲ್ಲ, ಮಹಾರಾಷ್ಟ್ರದವರೂ ತೆಲುಗು ಸೀಮೆಯವರೂ ಇರುತ್ತಾರೆ. ಭಂಡಾರ, ಕಾಯಿ, ಕುಂಕುಮ, ಬಳೆ ಮಾರುವವರು ಕೊಳ್ಳುವವರ ಮಾತಿಗೆ ತಮ್ಮ ಮಾತನ್ನು ಹೊಂದಿಸಿಕೊಂಡು ವ್ಯಾಪಾರ ಮುಗಿಸುತ್ತಾರೆ. ಬಾಯಿಮಾತಿನ ವ್ಯಾಪಾರ ಭಾಷೆ ಬಾರದೆಂದು ನಿಲ್ಲುವುದಿಲ್ಲ. ದರ ತಿಳಿಯದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ, ಅಷ್ಟೇ. ತೊಡಕು ಬಂದದ್ದೆಲ್ಲ ಕಾಗದದಲ್ಲಿ. ಸಾಲದ ಖತ, ಕಂದಾಯದ ಲೆಕ್ಕ, ಜಮೀನಿನ ಉತಾರ, ಹತ್ತಿಯ ಪಟ್ಟಿ, ಈಗ ವಿಮೆಯ ಪಾಲಿಸಿ ಮತ್ತು ಮೈಕ್ರೋ ಫೈನಾನ್ಸಿನ ಕರಾರು: ಇವುಗಳಲ್ಲಿ ಬರೆಯುವವನು ಒಬ್ಬ, ಬದ್ಧನಾಗುವವನು ಇನ್ನೊಬ್ಬ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಈ ಸೀಮೆಯಲ್ಲಿ ಆ ಕಾಗದದ ಇತಿಹಾಸವನ್ನು ಹಿಂಬಾಲಿಸಿದರೆ ಒಂದು ಮಾತು ಖಚಿತವಾಗುತ್ತದೆ. ವ್ಯವಹಾರದ ಭಾಷೆ ತಿಳಿಯಾಗಬೇಕೆಂದು ಬಯಸಿದರೆ ಸಾಲದು, ಕನ್ನಡವಾದರೂ ಸಾಲದು. ತಿಳಿಯದಂತೆ ಬರೆದ ಕಾಗದದಿಂದ ಬರೆದವನಿಗೇ ನಷ್ಟವಾಗುವಂತೆ ಕಾನೂನು ಇದ್ದಾಗ ಮಾತ್ರ ಕಾಗದ ತಿಳಿಯಾಗಿದೆ.

ಬಹಳ ಹಿಂದಕ್ಕೆ ಹೋದರೆ ಈ ನಾಡಿನಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ಸವದತ್ತಿ ಆಗ ಸುಗಂಧವರ್ತಿ, ರಟ್ಟರ ರಾಜಧಾನಿ. ಇಲ್ಲಿಯ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಆ ಕಾಲದ ದತ್ತಿ ಶಾಸನಗಳನ್ನು ಓದಿದವರಿಗೆ ಅವುಗಳ ಎರಡು ದನಿ ಗೊತ್ತು. ರಾಜನ ಹೊಗಳಿಕೆ, ವಂಶಾವಳಿ, ಶಾಪಾಶಯ ಬರುವಲ್ಲಿ ಸಂಸ್ಕೃತದ ಶ್ಲೋಕ, ಬಿಗಿಯಾದ ವೃತ್ತ, ಉದ್ದುದ್ದ ಸಮಾಸ. ಕೊಟ್ಟದ್ದು ಏನು, ಎಷ್ಟು, ಯಾವ ಗಡಿಯೊಳಗೆ ಎನ್ನುವಲ್ಲಿ ಭಾಷೆ ಇದ್ದಕ್ಕಿದ್ದಂತೆ ನೆಲಕ್ಕೆ ಇಳಿಯುತ್ತದೆ. ಇಷ್ಟು ಮತ್ತರು ಕೆಯ್, ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಎಲೆ. ಪಾಂಡಿತ್ಯ ಇಲ್ಲದೆ ಹೀಗೆ ಬರೆದರು ಎನ್ನುವ ಹಾಗಿಲ್ಲ; ಅದೇ ಕಲ್ಲಿನ ಮೇಲ್ಭಾಗದಲ್ಲಿ ಪಾಂಡಿತ್ಯ ಬೇಕಾದಷ್ಟಿದೆ. ಗಾಣದವನೂ ಎಲೆಯ ವ್ಯಾಪಾರಿಯೂ ಕೊಡಬೇಕಾದವರು, ಗುಡಿಯವರು ಪಡೆಯಬೇಕಾದವರು, ನಾಳೆ ಜಗಳ ಬಂದರೆ ಊರಿನ ಹಿರಿಯರು ತೀರ್ಮಾನ ಹೇಳಬೇಕಾದವರು. ಅವರೆಲ್ಲರಿಗೂ ತಿಳಿಯದ ಮಾತನ್ನು ಕಲ್ಲಿನ ಮೇಲೆ ಕೊರೆಸಿ ಉಪಯೋಗವಿರಲಿಲ್ಲ. ಅಕ್ಷರ ಬಲ್ಲವರು ಆಗ ಕಡಿಮೆ, ನಿಜ. ಆದರೆ ಒಬ್ಬ ಓದಿದರೆ ನೂರು ಜನಕ್ಕೆ ಅರ್ಥವಾಗುವ ಬರಹ ಅದು, ಮತ್ತು ಕಲ್ಲು ನಿಂತಿದ್ದು ಎಲ್ಲರ ಕಣ್ಣೆದುರಿಗೆ.

ಪೇಶ್ವೆಯರ ಕಾಲಕ್ಕೆ ಬರುವ ಹೊತ್ತಿಗೆ ಲೆಕ್ಕ ಕಲ್ಲಿನಿಂದ ಕುಲಕರ್ಣಿಯ ದಫ್ತರಕ್ಕೆ ಹೋಗಿತ್ತು. ಬರಹ ಮರಾಠಿ, ಲಿಪಿ ಮೋಡಿ. ಲೇಖಣಿ ಎತ್ತದೆ ಬೇಗ ಬರೆಯಲು ಮೋಡಿ ಒಳ್ಳೆಯ ಲಿಪಿಯೇ. ದೊಡ್ಡದೊಂದು ಆಡಳಿತವನ್ನು ಅದು ನಡೆಸಿತು. ಆದರೆ ಸವದತ್ತಿಯನ್ನೊಳಗೊಂಡ ಪರಸಗಡ ತಾಲೂಕಿನ ಒಕ್ಕಲಿಗನಿಗೆ ಅದು ಎರಡು ಬೀಗ ಹಾಕಿದ ಬಾಗಿಲು. ಭಾಷೆ ತನ್ನದಲ್ಲ, ಲಿಪಿಯನ್ನು ಪಳಗಿದವರಷ್ಟೇ ಓದಬಲ್ಲರು. ಕಂದಾಯ ಎಷ್ಟು ಕಟ್ಟಿದೆ, ಬಾಕಿ ಎಷ್ಟು ಉಳಿದಿದೆ ಎಂಬುದನ್ನು ತಿಳಿಯಲು ಆ ಬಾಕಿಯನ್ನು ಬರೆದವನನ್ನೇ ಕೇಳಬೇಕು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಇಂಗ್ಲಿಷರು ಬಂದಾಗಲೂ ದಫ್ತರ ಬದಲಾಗಲಿಲ್ಲ, ಏಕೆಂದರೆ ಬರೆಯುವವರು ಬದಲಾಗಿರಲಿಲ್ಲ. 1826ರಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ಸರಕಾರ ತೆರೆದ ಶಾಲೆಗಳೂ ಮರಾಠಿ ಶಾಲೆಗಳೇ.

ಈ ಸ್ಥಿತಿಯನ್ನು ಮೊದಲು ಗುರುತಿಸಿದವರಲ್ಲಿ ಒಬ್ಬನ ಕಥೆ ಕಿತ್ತೂರಿನೊಂದಿಗೆ ಹೆಣೆದುಕೊಂಡಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ದಿನ ರಾಣಿ ಚನ್ನಮ್ಮನ ಕಡೆಯವರಿಗೆ ಇಬ್ಬರು ಕಿರಿಯ ಅಧಿಕಾರಿಗಳು ಸೆರೆ ಸಿಕ್ಕರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಆಗ ಇಪ್ಪತ್ತೊಂದರ ಹರೆಯದವನು. ಬಿಡುಗಡೆಯಾದ ಮೇಲೂ ಇದೇ ಸೀಮೆಯಲ್ಲಿ ಕೆಲಸ ಮಾಡಿದ ಅವನಿಗೆ ಜನರ ಮಾತು ಒಂದು, ಸರಕಾರದ ಬರಹ ಇನ್ನೊಂದು ಎಂಬುದು ಕಣ್ಣಿಗೆ ಹೊಡೆಯಿತು. 1830ರ ಸುಮಾರಿಗೆ ಧಾರವಾಡದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆ ತೆರೆದ. ಕನ್ನಡ ಶಾಸನಗಳನ್ನು ನೂರುಗಟ್ಟಲೆ ನಕಲು ಮಾಡಿಸಿ ಕೂಡಿಟ್ಟವನೂ ಅವನೇ. ಈ ಎರಡು ಕೆಲಸಗಳಿಗೆ ನಂಟಿದೆ ಎಂದು ನನಗೆ ಅನಿಸುತ್ತದೆ: ಇದೇ ನೆಲದಲ್ಲಿ ಆರೇಳು ನೂರು ವರ್ಷಗಳ ಹಿಂದೆ ಭೂಮಿಯ ಲೆಕ್ಕ ಕನ್ನಡದಲ್ಲಿ ನಡೆದಿತ್ತೆಂಬುದನ್ನು ಕಲ್ಲುಗಳಲ್ಲಿ ಕಂಡವನಿಗೆ, ಈಗ ಅದು ಆಗದ ಮಾತು ಎಂಬ ವಾದ ನಿಲ್ಲುವಂಥದ್ದಾಗಿ ತೋರಿರಲಾರದು. ಮುಂದೆ 1860ರ ದಶಕದಲ್ಲಿ ಶಿಕ್ಷಣ ಇಲಾಖೆಯ ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪನವರು ಈ ಕೆಲಸವನ್ನು ಊರೂರಿಗೆ ಒಯ್ದರು. ಧಾರವಾಡದಲ್ಲಿ 1834ರಲ್ಲಿ ಹುಟ್ಟಿ, ಮನೆಯವರನ್ನು ಕೇಳದೆ ಪುಣೆಗೆ ಹೋಗಿ ಓದಿ ಬಂದ ಚನ್ನಬಸಪ್ಪನವರು ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳಾಗಿ ಮಾಡಿದ್ದು, ಮಾಸ್ತರರನ್ನು ತರಬೇತು ಮಾಡಿದ್ದು, ಪಠ್ಯ ಬರೆಸಿದ್ದು ಕನ್ನಡಿಗರು ಮರೆಯದ ಸಂಗತಿ. ಅದನ್ನು ನಾವು ಸಾಹಿತ್ಯದ, ನಾಡಿನ ಅಭಿಮಾನದ ಅಧ್ಯಾಯವಾಗಿ ಓದುತ್ತ ಬಂದಿದ್ದೇವೆ. ಅದು ಲೆಕ್ಕದ ಅಧ್ಯಾಯವೂ ಹೌದು. ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷ ಕಲಿತ ರೈತನ ಮಗ ತಂದೆಯ ಪಾವತಿಯನ್ನು ಓದಬಲ್ಲವನಾದ. ಆ ಮನೆಯಲ್ಲಿ ಕುಲಕರ್ಣಿಯ ಬಾಯಿಮಾತು ಕೊನೆಯ ಮಾತಾಗಿ ಉಳಿಯಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ವಾದ ಸುಲಭವಿತ್ತು: ಪರಭಾಷೆ ಹೋಗಿ ತಾಯ್ನುಡಿ ಬಂದರೆ ವ್ಯವಹಾರ ತಿಳಿಯಾಯಿತು. ಆದರೆ ಈ ಸೀಮೆ ಆಗ ಸೇರಿದ್ದ ಮುಂಬಯಿ ಇಲಾಖೆಯಲ್ಲೇ, ನಮ್ಮ ಬೆಳಗಾವಿ ಜಿಲ್ಲೆಯ ಬಡಗಣಕ್ಕೆ, ಆ ವಾದವನ್ನು ಅಲ್ಲಾಡಿಸುವ ಘಟನೆ ನಡೆಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಖತ, ರೋಖೆ, ಲೆಕ್ಕದ ವಹಿಗಳನ್ನು, ಸಿಕ್ಕವನ್ನು ಸುಟ್ಟರು. ಪುಣೆ, ಅಹ್ಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಇದು ಹಬ್ಬಿತು. ಕಾರಣಗಳು ಹಲವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಹತ್ತಿಯ ದರ ಏರಿ ಸಾಲ ಸುಲಭವಾಗಿ ಸಿಕ್ಕಿತ್ತು; ಯುದ್ಧ ನಿಂತು ದರ ಇಳಿಯಿತು, ಕಂದಾಯ ಏರಿತು, ಸಾಲ ಉಳಿಯಿತು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು: ಆ ರೈತರು ಮರಾಠಿಗರು, ಅವರು ಹೆಬ್ಬೆಟ್ಟು ಒತ್ತಿದ ಖತಗಳು ಮರಾಠಿಯವು. ಕಾಗದ ಅವರ ತಾಯ್ನುಡಿಯಲ್ಲೇ ಇತ್ತು. ಆದರೂ ತಾವು ಯಾವುದಕ್ಕೆ ಒಪ್ಪಿದ್ದೇವೆಂದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ನೂರು ರೂಪಾಯಿ ಕೊಟ್ಟು ನೂರೈವತ್ತಕ್ಕೆ ಖತ ಬರೆಸಿಕೊಳ್ಳುವುದು, ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಖತ ಮಾಡುವುದು, ಕೊಟ್ಟ ಹಣಕ್ಕೆ ಪಾವತಿ ಕೊಡದಿರುವುದು ರೂಢಿಯಾಗಿತ್ತು. ಕೋರ್ಟಿಗೆ ಹೋದರೆ ನ್ಯಾಯಾಧೀಶ ನೋಡುತ್ತಿದ್ದದ್ದು ಖತವನ್ನು, ಅದರ ಕೆಳಗಿನ ಗುರುತನ್ನು. ರುಜು ಇದೆ, ಆದ್ದರಿಂದ ಒಪ್ಪಿಗೆ ಇದೆ. ಅದರಾಚೆ ಯಾರೂ ಕೇಳುತ್ತಿರಲಿಲ್ಲ.

1879ರ ದಖ್ಖನಿನ ಕೃಷಿಕರ ಪರಿಹಾರ ಕಾಯ್ದೆ ಈ ತರ್ಕವನ್ನೇ ಹಿಡಿದು ಅಲುಗಿಸಿತು. ಅದನ್ನು ಓದುವಾಗ ಇಂದಿಗೂ ಬೆರಗಾಗುತ್ತದೆ. ಕೋರ್ಟು ಖತದ ಮೇಲಿನ ಅಂಕಿಗೆ ನಿಲ್ಲದೆ ವ್ಯವಹಾರದ ಮೊದಲ ದಿನದಿಂದ ಇತಿಹಾಸವನ್ನು ಕೆದಕಿ ನೋಡಬೇಕು. ಅಸಲು ಬೇರೆ, ಬಡ್ಡಿ ಬೇರೆ ಮಾಡಿ ಲೆಕ್ಕ ತೆಗೆಯಬೇಕು. ಸಾಲ ತೀರಿಸಿದವನಿಗೆ, ಅವನು ಕೇಳದಿದ್ದರೂ, ಪಾವತಿ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕದ ತಖ್ತೆ ಕೊಡಬೇಕು, ಪಾಸ್‌ಬುಕ್ಕು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗ್ರಾಮ ನೋಂದಣಿಕಾರನ ಏರ್ಪಾಡು. ಅಂಥ ಅಧಿಕಾರಿ ಇರುವ ಪ್ರದೇಶದಲ್ಲಿ ರೈತ ಬರೆದುಕೊಡುವ ಖತವನ್ನು ಅವನೇ ಬರೆಯಬೇಕು, ಇಲ್ಲವೇ ತನ್ನ ಕಣ್ಣೆದುರಿಗೆ ಬರೆಸಬೇಕು. ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲಷ್ಟೇ ರುಜು ಅಥವಾ ಗುರುತು. ಹಾಗೆ ಮಾಡದ ಖತ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಈ ಕೊನೆಯ ವಾಕ್ಯದಲ್ಲಿ ಕಾಯ್ದೆಯ ಬಲವೆಲ್ಲ ಇದೆ. ಓದಿ ಹೇಳಿರಿ ಎಂದು ಬುದ್ಧಿ ಹೇಳಿದ್ದರೆ ಯಾವ ಸಾವಕಾರನೂ ಕಿವಿಗೊಡುತ್ತಿರಲಿಲ್ಲ. ಓದಿ ಹೇಳದಿದ್ದರೆ ನಿನ್ನ ಕಾಗದಕ್ಕೆ ಬೆಲೆಯಿಲ್ಲ ಎಂದಿತು ಕಾನೂನು.

ಈ ಕಾಯ್ದೆ ಮೊದಲು ಅನ್ವಯವಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದನಗರ ಜಿಲ್ಲೆಗಳಿಗೆ; ಬೆಳಗಾವಿ ಪಟ್ಟಿಯಲ್ಲಿರಲಿಲ್ಲ. ಹಾಗೆಂದು ಇಲ್ಲಿ ಸಾಲ ಇರಲಿಲ್ಲವೆಂದಲ್ಲ. 1876ರಿಂದ 1878ರ ಬರಗಾಲ ಬೆಳಗಾವಿ, ಧಾರವಾಡ, ವಿಜಾಪುರದ ಒಕ್ಕಲುಗಳನ್ನು ಹಿಂಡಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾಯ್ದೆಯ ಹಲವು ಕಲಮುಗಳು ಇತ್ತಲೂ ಬಂದವು. ಕಾಯ್ದೆಯನ್ನು ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತು ಎಂಬುದನ್ನೂ ಹೇಳಬೇಕು. ಸಾಲ ಕೊಡುವವರು ಹಿಂಜರಿದರು. ಸಣ್ಣ ಹಿಡುವಳಿದಾರನಿಗೆ ಕೈಗಡ ಸಿಗುವುದು ಕಷ್ಟವಾಯಿತು. ಇನ್ನು ಕೆಲವು ಸಾವಕಾರರು ಅಡವು ಬರೆಸುವುದನ್ನೇ ಬಿಟ್ಟು ನೇರವಾಗಿ ಖರೀದಿ ಪತ್ರ ಬರೆಸಿಕೊಳ್ಳತೊಡಗಿದರು: ಸಾಲ ತೀರಿದರೆ ಹೊಲ ವಾಪಸ್ ಎಂದು ಬಾಯಿಮಾತು, ಕಾಗದದಲ್ಲಿ ಮಾತ್ರ ಶುದ್ಧ ಕ್ರಯ. ಇದನ್ನು ತಡೆಯಲು, ಕ್ರಯವೆಂದು ಕಾಣುವ ಪತ್ರ ನಿಜದಲ್ಲಿ ಅಡವಾಗಿತ್ತೆಂದು ರೈತ ಬಾಯಿಸಾಕ್ಷ್ಯದಿಂದ ತೋರಿಸಲು ಬಿಡುವ ಕಲಮನ್ನು ಮುಂದೆ ಸೇರಿಸಬೇಕಾಯಿತು. ತಿಳಿಯಾದ ಕಾಗದದಲ್ಲೂ ಸುಳ್ಳು ಬರೆಯಬಹುದು, ಇದು ನಿಜ. ಆದರೆ ಇದರಿಂದ ತಿಳಿಯಾಗಿ ಬರೆಯಬೇಕೆಂಬ ನಿಯಮ ವ್ಯರ್ಥವೆಂದು ಸಿದ್ಧವಾಗುವುದಿಲ್ಲ. ಮೋಸಗಾರ ಮಸುಕು ಮಾತನ್ನು ಬಿಟ್ಟು ಬೇರೆ ದಾರಿ ಹುಡುಕಬೇಕಾಯಿತು ಎಂದರೆ ಆ ಒಂದು ದಾರಿ ಮುಚ್ಚಿತು ಎಂದೇ ಅರ್ಥ. ಸಾಲ ಸಿಗದ ಪ್ರಶ್ನೆಗೆ ಉತ್ತರ ಬಂದದ್ದು ಬೇರೆ ಕಡೆಯಿಂದ. 1904ರ ಸಹಕಾರಿ ಕಾಯ್ದೆಯ ಬೆನ್ನಿಗೆ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನ ಸದಸ್ಯರಾದ ಮೇಲೆ ಮುಚ್ಚಿಡುವ ಲೆಕ್ಕಕ್ಕೆ ಜಾಗ ಕಡಿಮೆಯಾಯಿತು.

ಹತ್ತಿ ಪೇಟೆಯ ಕಥೆಯನ್ನೂ ಇದರ ಪಕ್ಕದಲ್ಲಿಡಬೇಕು. ದೇಶದ ಅನೇಕ ಪೇಟೆಗಳಲ್ಲಿ ದಲಾಲಿಯೂ ಖರೀದಿದಾರನೂ ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳ ಸನ್ನೆಯಲ್ಲಿ ದರ ನಿಗದಿ ಮಾಡುತ್ತಿದ್ದರು. ಮಾಲಿನ ಒಡೆಯ ಅಲ್ಲೇ ನಿಂತಿರುತ್ತಿದ್ದ. ಅವನಿಗೆ ಕಾಣುತ್ತಿದ್ದದ್ದು ಅಲುಗುವ ಬಟ್ಟೆ ಮಾತ್ರ. 1928ರಲ್ಲಿ ವರದಿ ಕೊಟ್ಟ ರಾಜ ಕೃಷಿ ಆಯೋಗ ಪೇಟೆಗಳ ಇಂಥ ಪದ್ಧತಿಗಳನ್ನು ಖಂಡಿಸಿತು. ಮುಂಬಯಿ ಇಲಾಖೆಯಲ್ಲಿ 1927ರ ಹತ್ತಿ ಪೇಟೆ ಕಾಯ್ದೆ, 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದು, ಬೈಲಹೊಂಗಲದಂಥ ಹತ್ತಿಯ ಊರುಗಳಿಗೂ ನಿಯಂತ್ರಿತ ಪೇಟೆಯ ಬಹಿರಂಗ ಸವಾಲು ಮುಟ್ಟಿತು. ಇದು ಭಾಷೆಯ ಪ್ರಶ್ನೆ ಹೇಗೆ ಎಂದು ಯಾರಾದರೂ ಕೇಳಬಹುದು. ಬೆರಳ ಸನ್ನೆಯೂ ಒಂದು ಭಾಷೆಯೇ, ಇಬ್ಬರಿಗೆ ತಿಳಿದು ಮೂರನೆಯವನಿಗೆ ತಿಳಿಯಬಾರದೆಂದು ಕಟ್ಟಿದ ಭಾಷೆ. ಯಾರ ಬೆಳೆಯೋ ಅವನೇ ಆ ಮೂರನೆಯವನು.

ಕಾಯ್ದೆ ಬಲ್ಲವರು ಎತ್ತುವ ಆಕ್ಷೇಪ ಗಂಭೀರವಾದದ್ದು. ಕಾನೂನಿನ ಭಾಷೆ ಕಠಿಣವಾಗಿರುವುದು ನಿಖರವಾಗಿರಲೆಂದು. ಆಡುಮಾತಿನಲ್ಲಿ ಬರೆದರೆ ಒಂದು ಮಾತಿಗೆ ಎರಡು ಅರ್ಥವಾಗಿ ವ್ಯಾಜ್ಯ ಹೆಚ್ಚುತ್ತದೆ ಎನ್ನುತ್ತಾರೆ. ಇದಕ್ಕೆ ನಮ್ಮ ನೆಲದ ಉತ್ತರ ಜಮೀನಿನ ದಾಖಲೆಯಲ್ಲಿದೆ. ಮುಂಬಯಿಯ ಮೋಜಣಿ ಪದ್ಧತಿ ಪ್ರತಿ ಹೊಲಕ್ಕೆ ನಂಬರು ಕೊಟ್ಟು, ಗಡಿಗೆ ಕಲ್ಲು ನೆಟ್ಟು, ಆಕಾರ ಇಷ್ಟು ಎಂದು ಬರೆಯಿತು. 1903ರಲ್ಲಿ ಹಕ್ಕುಪತ್ರದ ದಾಖಲೆ ಬಂತು. 1951ರಲ್ಲಿ ಕುಲಕರ್ಣಿ ವತನ ಹೋಗಿ ಸರಕಾರದ ಪಗಾರ ಪಡೆಯುವ ತಲಾಠಿ ಬಂದ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅಚ್ಚಾದ ಕನ್ನಡ ಉತಾರ ಸಿಗತೊಡಗಿತು. ಕೈಬರಹದ ಪಹಣಿಯಲ್ಲಿ ಒಂದು ಅಕ್ಷರ ತಿದ್ದಿದರೆ ಗೊತ್ತಾಗುತ್ತಿರಲಿಲ್ಲ; ಅಚ್ಚಿನ ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಅದೇ ದಿನ ಕಾಣುತ್ತದೆ. ತಪ್ಪುಗಳು ಇವೆ, ತಿದ್ದುಪಡಿಗೆ ಅಲೆದಾಟವೂ ಇದೆ. ಆದರೆ ರೈತ ತಹಶೀಲ್ದಾರರ ಮುಂದೆ ನಿಂತು ಈ ಅಂಕಣದಲ್ಲಿ ನನ್ನ ಹೆಸರಿಲ್ಲ ಎಂದು ಬೆರಳಿಟ್ಟು ತೋರಿಸಬಲ್ಲ. ಇದಕ್ಕಿಂತ ನಿಖರತೆ ಇನ್ನಾವುದು? ರಟ್ಟರ ಕಾಲದ ಹಳ್ಳ, ನಟ್ಟ ಕಲ್ಲಿನಿಂದ ಇಂದಿನ ಸರ್ವೆ ನಂಬರಿನವರೆಗೆ, ಆಸ್ತಿಯ ಗಡಿಯನ್ನು ಹೇಳಲು ಈ ಜನ ಬಳಸಿದ್ದು ನೋಡಿ ಒರೆಹಚ್ಚಬಹುದಾದ ಮಾತುಗಳನ್ನೇ. ಹೊರಗಿನ ಅನುಭವವೂ ಹೀಗೇ ಇದೆ. 1975ರಲ್ಲಿ ನ್ಯೂಯಾರ್ಕಿನ ಸಿಟಿಬ್ಯಾಂಕು ತನ್ನ ಸಾಲದ ಪತ್ರವನ್ನು ದಿನಬಳಕೆಯ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಸಿತು. 1978ರ ಹೊತ್ತಿಗೆ ಗ್ರಾಹಕರ ಕರಾರುಗಳು ಸರಳ ಭಾಷೆಯಲ್ಲಿರಬೇಕೆಂಬ ಕಾನೂನು ಆ ರಾಜ್ಯದಲ್ಲಿ ಜಾರಿಗೆ ಬಂತು. ಸಾಲ ಕೊಡುವ ವ್ಯವಹಾರ ಅದರಿಂದ ನಿಂತುಹೋಗಲಿಲ್ಲ.

ಈಗಿನ ಕಾಗದಗಳಿಗೆ ಬಂದರೆ, ಸುಪೆಯ ಪಾಠ ಇಲ್ಲಿ ನೇರವಾಗಿ ತಾಗುತ್ತದೆ. ಮೋಡಿಯ ಜಾಗಕ್ಕೆ ಇಂಗ್ಲಿಷ್ ಬಂದಿದೆ, ಅಲ್ಲಲ್ಲಿ ಇಂಗ್ಲಿಷಿನ ಜಾಗಕ್ಕೆ ಅನುವಾದದ ಕನ್ನಡವೂ ಬಂದಿದೆ. ಆ ಕನ್ನಡದ ಮಾದರಿ ಹೀಗಿರುತ್ತದೆ: ಸದರಿ ಸಾಲಗಾರರು ಸಾಲದಾತರ ಪರವಾಗಿ ಪ್ರತ್ಯಾಹರಿಸಲಾಗದ ಪ್ರಾಧಿಕಾರವನ್ನು ಈ ಮೂಲಕ ಪ್ರದಾನಿಸತಕ್ಕದ್ದು. ಹೇಳಬೇಕಾಗಿದ್ದದ್ದು ಇಷ್ಟು: ನೀವು ಕಂತು ತಪ್ಪಿಸಿದರೆ ನಿಮ್ಮ ಖಾತೆಯಿಂದ ನಾವೇ ಹಣ ತೆಗೆದುಕೊಳ್ಳುತ್ತೇವೆ, ಸಾಲ ತೀರುವತನಕ ಈ ಒಪ್ಪಿಗೆಯನ್ನು ನೀವು ಹಿಂದಕ್ಕೆ ಪಡೆಯುವಂತಿಲ್ಲ. ಕನ್ನಡದಲ್ಲಿ ಪದಗಳಿಲ್ಲ ಎಂಬ ನೆಪವನ್ನು ಸವದತ್ತಿಯ ಪೇಟೆಯಲ್ಲಿ ಯಾರೂ ಒಪ್ಪಲಾರರು. ಅಸಲು, ಬಡ್ಡಿ, ಕಂತು, ಗಡುವು, ಜಾಮೀನು, ಅಡವು, ಬಾಕಿ ಎಂದು ತಲೆಮಾರುಗಳಿಂದ ವ್ಯವಹಾರ ನಡೆಸಿದ ಜನ ಅವರು. ಅಂಕಿಯಲ್ಲೂ ಮಸುಕು ಮಾಡಬಹುದು. ಹತ್ತು ಸಾವಿರ ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, ಹನ್ನೆರಡು ಕಂತು ಎನ್ನುತ್ತಾರೆ. ಇಡೀ ವರ್ಷ ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕಿದರೆ 1,200 ರೂಪಾಯಿ ಬಡ್ಡಿ, ತಿಂಗಳಿಗೆ ಸುಮಾರು 933 ರೂಪಾಯಿ ಕಂತು. ಆದರೆ ತಿಂಗಳು ತಿಂಗಳು ಅಸಲು ತೀರುತ್ತಲೇ ಇರುತ್ತದಲ್ಲ. ಕೈಯಲ್ಲಿ ಉಳಿದ ಹಣಕ್ಕೆ ಲೆಕ್ಕ ಹಾಕಿದರೆ ಆ ಬಡ್ಡಿಯ ನಿಜವಾದ ದರ ಶೇ. 21ನ್ನು ದಾಟುತ್ತದೆ. ಮೇಲೆ ಶುಲ್ಕ, ವಿಮೆಯ ಹಣ ಮುರಿದುಕೊಂಡರೆ ಇನ್ನೂ ಹೆಚ್ಚು. ಇಲ್ಲಿ ಒಂದಕ್ಷರವೂ ಸುಳ್ಳಲ್ಲ, ಎಲ್ಲವೂ ಕನ್ನಡದಲ್ಲೇ ಹೇಳಿದ್ದು; ಆದರೂ ಸಾಲ ಪಡೆದ ಹೆಣ್ಣುಮಗಳು ಒಪ್ಪಿದ ಬಡ್ಡಿ ಒಂದು, ಕಟ್ಟುವ ಬಡ್ಡಿ ಇನ್ನೊಂದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಮೈಕ್ರೋ ಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದದ್ದು ಹಳ್ಳಿಗಳಲ್ಲಿ ಸಾವುಗಳಾದ ಮೇಲೆ. ವಸೂಲಿಯ ಕಾಟ ಕೊನೆಯ ಅಂಕ. ಮೊದಲನೆಯದು ರುಜು ಹಾಕಿಸುವ ದಿನವೇ ನಡೆದಿರುತ್ತದೆ.

ರಿಸರ್ವ್ ಬ್ಯಾಂಕಿನ ಇತ್ತೀಚಿನ ನಿಯಮಗಳಲ್ಲಿ ಈ ಕಾರಣಕ್ಕಾಗಿ ನನಗೆ ನಂಬಿಕೆ ಹುಟ್ಟಿಸುವ ಅಂಶವಿದೆ. 2022ರಿಂದ ಮೈಕ್ರೋ ಫೈನಾನ್ಸಿಗೆ, 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ, ಮುಖ್ಯ ಸಂಗತಿಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು, ವಿವರಿಸಿ ಹೇಳಬೇಕು, ತಿಳಿಯಿತೆಂದು ಒಪ್ಪಿಗೆ ಪಡೆಯಬೇಕು. ಪತ್ರದಲ್ಲಿ ಬರೆಯದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಂದೆಂದೂ ವಸೂಲು ಮಾಡುವಂತಿಲ್ಲ. 1879ರ ಕಲಮಿನ ತರ್ಕವೇ ಇದು: ಹೇಳದಿದ್ದದ್ದು ಬಾಕಿಯಲ್ಲ. ಇದರೆದುರು ಪೊಟ್ಟಣದ ಸರಕಿನ ನಿಯಮ ನೋಡಿರಿ. 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಬೆಲೆ, ತೂಕ, ತಯಾರಿಸಿದ ತಿಂಗಳು ಮುಂತಾದವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸುವುದು ತಯಾರಕನ ಇಷ್ಟ. ಇಷ್ಟಕ್ಕೆ ಬಿಟ್ಟದ್ದರಿಂದ ಉಗರಗೋಳದ ಅಂಗಡಿಯಲ್ಲಿ ಕೊಳ್ಳುವವಳು ಕನ್ನಡ ಓದಬಲ್ಲವಳಾದರೂ ಅವಧಿ ಮುಗಿದಿದೆಯೋ ಇಲ್ಲವೋ ಎಂದು ಅಂಗಡಿಯವನನ್ನೇ ಕೇಳಬೇಕಾಗುತ್ತದೆ, ಅವಳ ಅಜ್ಜ ಕುಲಕರ್ಣಿಯನ್ನು ಕೇಳಿದ ಹಾಗೆ.

ಜನ ಓದುವುದೇ ಇಲ್ಲ, ಎಷ್ಟು ಸರಳವಾಗಿ ಬರೆದರೂ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾರೆ ಎನ್ನುವವರಿದ್ದಾರೆ. ಹದಿನಾರು ಪುಟಗಳ ಇಂಗ್ಲಿಷ್ ಕರಾರನ್ನು ಸಂಜೆ ಆರಕ್ಕೆ ಸಂಘದ ಸಭೆಯಲ್ಲಿ ಮುಂದಿಟ್ಟರೆ ಯಾರು ತಾನೆ ಓದುತ್ತಾರೆ? ಓದದಿರುವುದು ಸ್ವಭಾವವಲ್ಲ, ಓದಿ ಫಲವಿಲ್ಲವೆಂಬ ಅನುಭವ. ಪಹಣಿಯನ್ನು ಇದೇ ಜನ ಅಂಕಣ ಅಂಕಣವಾಗಿ ಓದುತ್ತಾರೆ, ಏಕೆಂದರೆ ಓದಿ ತಕರಾರು ಮಾಡಿದರೆ ಕೇಳುವ ಜಾಗವಿದೆ. ಮೊಬೈಲಿಗೆ ಬಂದ ಒಟಿಪಿಯನ್ನು ಏಜೆಂಟನಿಗೆ ಹೇಳಿದ್ದನ್ನೇ ತಿಳಿದು ಒಪ್ಪಿದ್ದೇನೆ ಎಂಬ ಘೋಷಣೆಯಾಗಿ ದಾಖಲಿಸುವ ರೂಢಿ ಬೆಳೆದರೆ ರಿಸರ್ವ್ ಬ್ಯಾಂಕಿನ ನಿಯಮವೂ ಹಳೆಯ ಖತದ ಕೆಳಗಿನ ಗುರುತಿನಂತೆಯೇ ಆದೀತು. ಅದನ್ನು ತಡೆಯುವ ಕಾನೂನಿನ ಕರಡು ನಮ್ಮಲ್ಲಿ ಆಗಲೇ ಬರೆದಿದೆ. ಭಾರತದ ಕಾನೂನು ಆಯೋಗ 2006ರ ತನ್ನ 199ನೆಯ ವರದಿಯಲ್ಲಿ ಅನ್ಯಾಯದ ಕರಾರುಗಳನ್ನು ಎರಡು ಬಗೆಯಾಗಿ ನೋಡಬೇಕೆಂದಿತು: ಷರತ್ತೇ ಅನ್ಯಾಯದ್ದಾಗಿರುವುದು ಒಂದು, ಷರತ್ತು ಮಾಡಿದ ರೀತಿ ಅನ್ಯಾಯದ್ದಾಗಿರುವುದು ಇನ್ನೊಂದು. ಸಣ್ಣ ಅಚ್ಚು, ಓದಲು ತಿಳಿಯಲು ಕಷ್ಟವಾದ ಭಾಷೆ ಎರಡನೆಯ ಬಗೆಯಲ್ಲಿ ಕೋರ್ಟು ಗಮನಿಸಬೇಕಾದ ಸಂಗತಿಗಳೆಂದು ಅದರ ಕರಡಿನಲ್ಲಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರಿಗೆ ಆರು ಲಕ್ಷಣಗಳನ್ನು ಕೊಟ್ಟಿತು. ಅವು ಆರೂ ಮೊದಲನೆಯ ಬಗೆಯವು. ತಿಳಿಯದ ಭಾಷೆ ಆ ಪಟ್ಟಿಯೊಳಗೆ ಬರಲಿಲ್ಲ.